ಏಳು ತುಂಡು

ಮೇ ತಿಂಗಳ ಕೊನೆಯ ಗಂಟೆ ಹೊಡೆದ ಮರುದಿನವೇ
ನಮ್ಮೂರು ಬೆಟ್ಟ ಹತ್ತುತ್ತದೆ:
ಮುಂದೆ ಕುರಿ, ಹಿಂದೆ ಕುದುರೆ,
ಲಾರಿಯಲ್ಲಿ ಮಡಚಿಟ್ಟ ಉಣ್ಣೆಯ ಡೇರೆ,
ಡೇರೆಯ ಮೇಲೆ ಮಕ್ಕಳು.
ಕಿರ್ಗಿಜ್ ಬೆಟ್ಟಕ್ಕೆ ಹುಲ್ಲು ಬಂತೆಂದರೆ
ಶಾಲೆಗೆ ಬೀಗ ಬಿತ್ತೆಂದೇ ಲೆಕ್ಕ.

ಸೆಪ್ಟೆಂಬರಿನಲ್ಲಿ ಇಳಿದು ಬರುವಾಗ
ಕೆನ್ನೆ ಕೆಂಪಾಗಿರುತ್ತದೆ, ಅಂಗಿ ಗಿಡ್ಡವಾಗಿರುತ್ತದೆ,
ಅಕ್ಷರ ಮಾತ್ರ ಯಾವುದೋ ಹೊಳೆಯಲ್ಲಿ ತೇಲಿಹೋಗಿರುತ್ತದೆ.
ಬೆರಳಿಟ್ಟು ಬೆರಳಿಟ್ಟು ಓದುತ್ತಾರೆ,
ಕುಂಟುವ ಮರಿಯನ್ನು ನಡೆಸಿಕೊಂಡು ಬಂದ ಹಾಗೆ.

ನಾನು ಬುರುಲ್ಕನ್. ಶಾಲೆಯ ಪುಸ್ತಕ ಕಾಯುವವಳು.
ಇಪ್ಪತ್ತೆರಡು ವರ್ಷ ಬೈದು ನೋಡಿದ್ದೇನೆ.
ದಿನಕ್ಕೆರಡು ಪುಟವೆಂದು ಚೀಟಿ ಬರೆದುಕೊಟ್ಟೆ,
ಚೀಟಿ ಒಲೆ ಹೊತ್ತಿಸಲು ಒದಗಿತು.
ಓದಿದವರಿಗೆ ಪೆನ್ಸಿಲ್ ಎಂದೆ.
ಪೆನ್ಸಿಲ್ ಯಾರಿಗೆ ಬೇಕು, ಕುದುರೆ ಇರುವಾಗ?

ಈ ಸಲ ಒಂದು ಪಾಪ ಮಾಡಿದೆ.
ಕಪಾಟಿನಲ್ಲೊಂದು ದಪ್ಪ ಕಥೆಪುಸ್ತಕ, ಬೆನ್ನು ಸಡಿಲಾದದ್ದು:
ಕಳುವಾದ ಕುರುಡು ಕುದುರೆ,
ಅದನ್ನು ಹುಡುಕಿ ಹೊರಟ ಹುಡುಗಿ.
ಬಾಗಿಲು ಹಾಕಿಕೊಂಡು ದಾರ ಬಿಚ್ಚಿದೆ,
ಬ್ಲೇಡು ಹಿಡಿದೆ, ಕಣ್ಣುಮುಚ್ಚಿ
ಏಳು ತುಂಡು ಮಾಡಿದೆ.
ಒಂದೊಂದಕ್ಕೂ ಹಿಟ್ಟಿನ ಚೀಲದ ಬಟ್ಟೆಯ ಹೊದಿಕೆ,
ಮೇಲೊಂದು ಅಂಕಿ.
ಆರು ಡೇರೆಗೆ ಆರು ಕೊಟ್ಟು ಕಳಿಸಿದೆ.
ಓದಿ ಎಂದು ಹೇಳಲಿಲ್ಲ.

ಮುಂದಿನದು, ಕೆನೆ ತರಲು ಹೋದ ಲಾರಿಯವನು ಹೇಳಿದ್ದು.

ಎರಡನೆಯದು ಸಿಕ್ಕಿದ ಎಸೆನ್‌ಗೆ ತಲೆಬುಡ ತಿಳಿಯಲಿಲ್ಲ.
ಯಾರೀ ಹುಡುಗಿ? ನಡುರಾತ್ರಿ ಯಾಕೆ ಹೊಳೆಯಲ್ಲಿ ನಿಂತಿದ್ದಾಳೆ?
ಸಿಟ್ಟಿನಲ್ಲೇ ಕುದುರೆ ಹತ್ತಿ ಹೋದ
ಗುಡ್ಡದಾಚೆ ಚೊಲ್ಪೊನಳ ಡೇರೆಗೆ.
ಒಂದನೆಯದು ಅವಳ ಬಳಿ. ಕೊಡಲಿಲ್ಲ.
"ಮುಂದೇನಾಯಿತು ಹೇಳು, ಆಮೇಲೆ."

ಹೀಗೆ ಶುರುವಾಯಿತಂತೆ ವ್ಯಾಪಾರ.
ನಾಲ್ಕನೆಯದಕ್ಕೆ ಒಂದು ಮುಷ್ಟಿ ಒಣಮೊಸರಿನ ಉಂಡೆ.
ಐದನೆಯದು ಬೇಕಿದ್ದರೆ, ಸಂಜೆ ಅವರು ಹಾಲು ಕರೆಯುವಷ್ಟು ಹೊತ್ತು
ಕುದುರೆಮರಿಯ ಕಿವಿ ಹಿಡಿದು ನಿಲ್ಲಬೇಕು.
ಮೂರನೆಯದಿರುವುದು ಮೇಲಿನ ಕಣಿವೆಯಲ್ಲಿ,
ಮಂಜು ಕರಗಿದ ನೀರು ದಾಟಿ;
ಅಲ್ಲಿನ ನಾಯಿ ಬೇರೆ ಕೆಟ್ಟದ್ದು.

ಜುಲೈನಲ್ಲಿ ಆಲಿಕಲ್ಲು ಬಿದ್ದ ರಾತ್ರಿ
ಒಂಬತ್ತು ಮಕ್ಕಳು, ಒಂದು ಕಂಬಳಿ, ಒಂದು ಟಾರ್ಚು.
ಓದುವವಳು ಗುಟುಕು ಚಹಾಕ್ಕೆಂದು ನಿಲ್ಲಿಸಿದರೆ
ಎಂಟು ಮೊಣಕೈ ಪಕ್ಕೆಗೆ.

ಆರನೆಯದರ ನಡುವಿನ ನಾಲ್ಕು ಪುಟ ಮೇಕೆ ತಿಂದಿತು.
ದಂಡ ಬರೆಯಬೇಕಾದವಳು ನಾನು; ಕೇಳಿ ನಕ್ಕುಬಿಟ್ಟೆ.
ಆ ಪುಟಗಳಲ್ಲಿ ಏನಿತ್ತೆಂದು
ಡೇರೆಗೊಂದು ಕಥೆ, ಕಥೆಗೊಂದು ಜಗಳ.
ಐಪೆರಿ ಹೇಳುತ್ತಾಳೆ, ಕುದುರೆ ಗಾಳಿಯಲ್ಲಿ
ಹುಡುಗಿಯ ವಾಸನೆ ಹಿಡಿಯಿತು.
ಎಸೆನ್ ಕಳ್ಳನಿಗೆ ಚಳಿಜ್ವರ ತರಿಸಿದ್ದಾನೆ.
ಎಸೆನ್‌ನ ಅಪ್ಪ (ನನ್ನ ಮೊದಲ ವರ್ಷದ ಹುಡುಗ,
ಓದೆಂದರೆ ಕಿಟಕಿ ಹಾರುತ್ತಿದ್ದವನು)
ಕುರಿಗಳಿಗೆ ಉಪ್ಪು ಹಾಕುತ್ತ ತಿರುಗಿ ನೋಡದೆ ಅಂದನಂತೆ:
"ಅವಳು ಮಲಗಿ ನಿದ್ದೆ ಮಾಡಿರಬೇಕು.
ಅಷ್ಟು ನಡೆದವರು ನಿದ್ದೆ ಮಾಡುತ್ತಾರೆ.
ಬರೆಯುವವರು ಅದನ್ನು ಮರೆಯುತ್ತಾರೆ."

ಏಳನೆಯದು ನನ್ನ ಮೇಜಿನ ಖಾನೆಯಲ್ಲಿತ್ತು.

ಆಗಸ್ಟ್ ಮುಗಿಯಲು ಆರು ದಿನ. ಶಾಲೆಗೆ ಸುಣ್ಣ ಬಳಿಯುತ್ತಿದ್ದರು.
ಗೇಟಿನ ಹೊರಗೆ ಬೆವರಿ ನಿಂತ ಎರಡು ಕುದುರೆ,
ಮಂದೆಗಿಂತ ಎರಡು ದಿನ ಮೊದಲೇ ಇಳಿದು ಬಂದ
ಚೊಲ್ಪೊನ್, ಐಪೆರಿ,
ಹಿಂದೆ ನಡೆದೇ ಬಂದ ಎಸೆನ್.
ನಮಸ್ಕಾರವಿಲ್ಲ, ಕುಶಲವಿಲ್ಲ.
"ಕೊಡಿ," ಅಂದರು.

ಸುಣ್ಣದ ಬಕೆಟ್ಟು ಸರಿಸಿ ಮೆಟ್ಟಿಲ ಮೇಲೆ ಕೂತರು,
ಮೂರು ತಲೆ ಒಂದೇ ಪುಟಕ್ಕೆ.
ಚೊಲ್ಪೊನ್ ಬೆರಳಿಡದೆ ಓದಿದಳು.
ನಾನದನ್ನು ನೋಡಿದೆ, ನೋಡಿಲ್ಲವೆಂಬಂತೆ ಒಳಗೆ ಹೋದೆ.

ಕತ್ತಲಾಗುವಾಗ ಎಸೆನ್ ಕಿಟಕಿಗೆ ಬಂದ.
"ಮೇಕೆ ತಿಂದದ್ದರಲ್ಲಿ ಏನಿತ್ತು, ನಿಜ ಹೇಳಿ."
ಆ ಪುಟಗಳು ನನಗೆ ಬಾಯಿಪಾಠ.
ಮರೆತುಹೋಗಿದೆ ಮಗು, ಅಂದೆ.